ಕೊನೆಯ ಸೈಕಲ್ ಮುಟ್ಟೋ ತನಕ: ಕಲಬುರಗಿಯಿಂದ ಚಿಂಚೋಳಿ ಗುಡ್ಡಕ್ಕೆ ಗುಂಪಾಗಿ ಸೈಕಲ್ ತುಳಿಯುವವರಿಗೆ ಸಮಗ್ರ ಮಾರ್ಗದರ್ಶಿ

"ನೀವು ನಡೀರಿ, ನಾ ಹಿಂದಿಂದ ಬರ್ತೀನಿ."

ನಮ್ಮ ಮೊದಲ ಚಿಂಚೋಳಿ ಸವಾರಿಯಲ್ಲಿ ಗುಂಪಿನ ಮಾಸ್ತರು ಮೂರನೇ ಏರಿನ ಬುಡದಲ್ಲಿ ಸೈಕಲ್ ಮಲಗಿಸಿ ಹೀಗಂದರು. ನಾವು ಏಳು ಮಂದಿ ನಿಜವಾಗಿಯೂ ನಡೆದುಬಿಟ್ಟೆವು. ಎರಡು ತಾಸಾದರೂ ಅವರು ಬರಲಿಲ್ಲ. ಹಿಂದಕ್ಕೆ ಇಳಿದು ಬಂದು ನೋಡಿದರೆ ಅದೇ ಮುತ್ತಲ ಗಿಡದ ಕೆಳಗೆ, ಖಾಲಿ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸಿಟ್ಟು ಮಾಡಲಿಲ್ಲ. "ನೀರು ಐತೇನ್ರಿ?" ಅಂತ ಅಷ್ಟೇ ಕೇಳಿದರು.

ಆ ರಾತ್ರಿ ಕೂತು ಲೆಕ್ಕ ಹಾಕಿದೆವು. ಬೆಳಿಗ್ಗೆಯಿಂದ ನಾಲ್ಕು ಕಡೆ ನಿಂತಿದ್ದೆವು. ಪ್ರತಿ ಸಲ ಮುಂದಿನವರು ಮುಟ್ಟಿ ಹತ್ತು ನಿಮಿಷ ಕೂತು, ನೀರು ಕುಡಿದು, ಫೋಟೋ ತೆಗೆದುಕೊಳ್ಳುವ ಹೊತ್ತಿಗೆ ಮಾಸ್ತರು ಬಂದು ಮುಟ್ಟುತ್ತಿದ್ದರು. ಅವರು ಬಂದದ್ದೇ ತಡ, "ಎಲ್ಲಾರೂ ಬಂದ್ರು, ನಡೀರಿ" ಅಂತ ನಾವು ಏಳುತ್ತಿದ್ದೆವು. ನಮಗೆ ದಿನಕ್ಕೆ ನಲವತ್ತು ನಿಮಿಷ ವಿಶ್ರಾಂತಿ ಸಿಕ್ಕಿತ್ತು, ಅವರಿಗೆ ಒಂದು ನಿಮಿಷವೂ ಇಲ್ಲ. ಗುಂಪಿನಲ್ಲಿ ಯಾರ ಕಾಲು ಸೋತಿತ್ತೋ ಅವರಿಗೇ ವಿಶ್ರಾಂತಿ ಕಡಿಮೆ. ಅವರ ದಮ್ಮು ಕಡಿಮೆ ಅಂತ ನಾವು ತಿಳಿದಿದ್ದೆವು. ತಪ್ಪು ನಮ್ಮ ಯೋಜನೆಯಲ್ಲಿತ್ತು.

ಈ ಮಾರ್ಗದರ್ಶಿಯನ್ನು ಅದಕ್ಕೇ ಹಿಂದಿನಿಂದ ಮುಂದಕ್ಕೆ ಕಟ್ಟಿದ್ದೇನೆ. ವೇಗ, ಊಟ, ನಿಲುಗಡೆ, ಚೀಲದ ಭಾರ, ಎಲ್ಲವನ್ನೂ ಕೊನೆಯ ಸೈಕಲ್ಲಿನವರನ್ನು ನೋಡಿ ನಿಶ್ಚಯಿಸಬೇಕು.

ಮೊದಲು ಮಂದಿ, ಆಮೇಲೆ ದಾರಿ

ಆರರಿಂದ ಎಂಟು ಮಂದಿ ಸಾಕು. ಹತ್ತು ದಾಟಿತೆಂದರೆ ರಸ್ತೆಯ ಮೇಲೆ ಗುಂಪು ತಾನಾಗಿಯೇ ಒಡೆಯುತ್ತದೆ. ಹಳ್ಳಿಯ ಚಾ ಅಂಗಡಿಯಲ್ಲಿ ಅಷ್ಟು ಮಂದಿಗೆ ಒಮ್ಮೆಗೇ ಚಾ ಸಿಗುವುದೂ ಕಷ್ಟ.

ಹೆಸರು ಕೊಟ್ಟವರೆಲ್ಲ ಒಂದು ಭಾನುವಾರ ಬೆಳಿಗ್ಗೆ ಕೂಡಿ ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ ಕ್ರಾಸ್‌ವರೆಗೆ ಹೋಗಿ ಬನ್ನಿ. ಎಲ್ಲರಿಗಿಂತ ನಿಧಾನ ಬಂದವರ ವೇಗವನ್ನು ಬರೆದಿಟ್ಟುಕೊಳ್ಳಿ. ಅದು ಗಂಟೆಗೆ 15 ಕಿ.ಮೀ. ಅಂತಿಟ್ಟುಕೊಳ್ಳೋಣ. ಕಲಬುರಗಿಯಿಂದ ಚಿಂಚೋಳಿ ಸುಮಾರು 85 ಕಿ.ಮೀ., ಅಂದರೆ ಬರೀ ತುಳಿಯುವುದಕ್ಕೇ ಆರು ತಾಸಿಗೆ ಹತ್ತಿರ. ನಿಲುಗಡೆಗೆ ಅದರ ಮೂರನೇ ಒಂದು ಭಾಗ ಸೇರಿಸಿ, ಎದುರುಗಾಳಿಗೆ ಇನ್ನೊಂದು ತಾಸು. ಬೆಳಿಗ್ಗೆ 6:30ಕ್ಕೆ ಬಿಟ್ಟರೆ ಮಧ್ಯಾಹ್ನ ಮೂರು, ಮೂರೂವರೆಗೆ ಊರು ಮುಟ್ಟುತ್ತೀರಿ. ಗುಂಪಿನ ಸರಾಸರಿ ವೇಗ ಹಿಡಿದು ಲೆಕ್ಕ ಹಾಕಿದರೆ ಕಾಗದದ ಮೇಲೆ ಒಂದು ಗಂಟೆಗೇ ಮುಟ್ಟಿಬಿಡುತ್ತೀರಿ, ಅದನ್ನು ನಂಬಿ ತಡವಾಗಿ ಬಿಟ್ಟರೆ ರಸ್ತೆಯ ಮೇಲೆ ಕತ್ತಲಾಗುತ್ತದೆ.

ಆ ದಿನವೇ ಕೆಲಸ ಹಂಚಿ. ದಾರಿ ಬಲ್ಲವರೊಬ್ಬರು ಮುಂದೆ. ರಿಪೇರಿ ಗೊತ್ತಿರುವವರು ನಡುವೆ. ಔಷಧಿ ಮತ್ತು ಹಣದ ಲೆಕ್ಕ ಒಬ್ಬರ ಕೈಯಲ್ಲಿ, ಎಲ್ಲರೂ ಹೊರಡುವ ಮೊದಲೇ ಸಮನಾಗಿ ಹಣ ಹಾಕಿ. ಎಲ್ಲಕ್ಕಿಂತ ಹಿಂದೆ, ನಿಧಾನದವರ ಬೆನ್ನಿಗೇ ಬರುವ ಹಿಂಗಾವಲಿನವರು ಗುಂಪಿನಲ್ಲೇ ಗಟ್ಟಿ ಕಾಲಿನವರಾಗಿರಬೇಕು. ಗಟ್ಟಿಗರನ್ನು ಮುಂದೆ ಬಿಡುವುದು ನಮ್ಮಲ್ಲಿ ರೂಢಿ, ಅದನ್ನು ಬಿಟ್ಟುಬಿಡಿ. ಹಿಂದಿನವರಿಗೆ ಬೇಕಾದದ್ದು ನಿಧಾನ ತುಳಿದರೂ ಬೇಸರವಾಗದ ಮನಸ್ಸು, ಬೇಕಾದರೆ ಇನ್ನೊಬ್ಬರ ಚೀಲವನ್ನೂ ಹೊರುವ ಶಕ್ತಿ. ನಮ್ಮಲ್ಲಿ ಈ ಕೆಲಸ ಬ್ಯಾಂಕಿನಲ್ಲಿ ದುಡಿಯುವ ಅಕ್ಕ ಒಬ್ಬರದು. ಅವರು ಎಂದೂ "ಬೇಗ ಬರ್ರಿ" ಅಂದದ್ದನ್ನು ನಾನು ಕೇಳಿಲ್ಲ.

ತಿಂಗಳು ಮತ್ತು ಗಾಳಿ

ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಹೋಗಿ. ಮಾರ್ಚ್ ದಾಟಿದರೆ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, 40 ಡಿಗ್ರಿ ಮೇಲೆ ಏರಿನಲ್ಲಿ ತುಳಿಯುವುದು ಹುಂಬತನ. ಮಳೆಗಾಲದಲ್ಲಿ ಚಿಂಚೋಳಿ ಬಳಿಯ ಎತ್ತಿಪೋತ ಜಲಪಾತ ತುಂಬಿ ಬೀಳುತ್ತದೆ, ಕಾಡು ಹಸಿರಾಗಿರುತ್ತದೆ, ಆಸೆಯಾಗುವುದು ಸಹಜ. ಆದರೆ ಎರಿ ಮಣ್ಣಿನ ಹೊಲದ ದಾರಿಯಲ್ಲಿ ಒಮ್ಮೆ ಮಳೆ ಬಿದ್ದರೆ ನೂರು ಮೀಟರ್ ಹೋಗುವುದರಲ್ಲಿ ಮಣ್ಣು ಟೈರಿಗೆ ಮೆತ್ತಿ, ಫೋರ್ಕಿನ ಸಂದಿಯಲ್ಲಿ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿಯಿಂದ ಕೆರೆದು ತೆಗೆಯುವುದು, ಮತ್ತೆ ಹತ್ತು ಹೆಜ್ಜೆ, ಮತ್ತೆ ಕೆರೆಯುವುದು. ಮಳೆಗಾಲದಲ್ಲಿ ಹೋಗಲೇಬೇಕೆಂದರೆ ಡಾಂಬರು ಬಿಟ್ಟು ಇಳಿಯಬೇಡಿ.

ಚಳಿಗಾಲ ಆರಿಸಲು ಇನ್ನೊಂದು ಕಾರಣ ಗಾಳಿ. ಚಿಂಚೋಳಿ ಇರುವುದು ಕಲಬುರಗಿಯ ಪೂರ್ವಕ್ಕೆ. ಡಿಸೆಂಬರಿನಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ. ಹೋಗುವ ದಿನ, ಕಾಲು ತಾಜಾ ಇರುವಾಗ ಎದುರುಗಾಳಿ. ಬರುವ ದಿನ, ದಣಿದಾಗ ಬೆನ್ನಿಗೆ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ, ಎಲ್ಲ ತಿರುಗುಮುರುಗು. ಹುಮ್ಮಸ್ಸಿನಿಂದ ಹಾರಿಕೊಂಡು ಹೋಗುತ್ತೀರಿ, ವಾಪಸ್ ಬರುವಾಗ ಒಬ್ಬೊಬ್ಬರೂ ಬಾಡಿ ಹೋಗಿರುತ್ತೀರಿ.

ದಾರಿ, ತಂಗುವುದು, ಪರವಾನಗಿ

ಮೂರು ದಿನ ಇಟ್ಟುಕೊಳ್ಳಿ. ಮೊದಲ ದಿನ ಮಹಾಗಾಂವ ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ಮುಲ್ಲಾಮಾರಿ ಹೊಳೆಯ ದಂಡೆಯ ಚಿಂಚೋಳಿಗೆ. ಎರಡನೇ ದಿನ ಗುಡ್ಡ: ಚಂದ್ರಂಪಳ್ಳಿ ಜಲಾಶಯದ ಕಡೆ, ಇಲ್ಲವೇ ಗೊಟ್ಟಂಗೊಟ್ಟಿಯ ಬಕ್ಕಪ್ರಭು ಗುಡಿಯ ಕಡೆ. ಎರಡನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಮೂರನೇ ದಿನ ವಾಪಸ್. ಮೂರು ದಿನ ರಜೆ ಸಿಗದಿದ್ದರೆ ಸೈಕಲ್‌ಗಳನ್ನು ಪಿಕಪ್ ಗಾಡಿಯಲ್ಲಿ ಹಾಕಿಕೊಂಡು ಚಿಂಚೋಳಿಗೆ ಹೋಗಿ ಗುಡ್ಡವನ್ನಷ್ಟೇ ತುಳಿಯಿರಿ, ಅದರಲ್ಲಿ ಕಡಿಮೆಯೇನೂ ಇಲ್ಲ. ಸೈಕಲ್ಲಿಗೂ ಸೈಕಲ್ಲಿಗೂ ನಡುವೆ ಹಳೆ ಗೋಣಿಚೀಲ ಹಾಕಿ, ಗೇರು ಬದಲಿಸುವ ಡಿರೇಲರ್ ಇರುವ ಬಲಮಗ್ಗುಲು ಮೇಲೆ ಬರುವಂತೆ ಮಲಗಿಸಿ.

ಚಿಂಚೋಳಿ ಕಾಡು 2011ರಿಂದ ವನ್ಯಜೀವಿ ಧಾಮ, ಸುಮಾರು 135 ಚದರ ಕಿ.ಮೀ. ಒಣನಾಡಿನ ಕಾಡು ಇದು. ರಕ್ತಚಂದನ, ಶ್ರೀಗಂಧ ಬೆಳೆಯುತ್ತವೆ. ತೋಳ, ಕತ್ತೆಕಿರುಬ, ಕೃಷ್ಣಮೃಗ ಇವೆ. ಊರಿಂದೂರಿಗೆ ಹೋಗುವ ಸಾರ್ವಜನಿಕ ರಸ್ತೆ ಬೇರೆ, ಅದನ್ನು ಬಿಟ್ಟು ಕಾಡಿನ ಕಾಲುದಾರಿಗೆ ಇಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಎರಡು ವಾರ ಮೊದಲೇ ಎಲ್ಲರ ಹೆಸರು, ಗುರುತಿನ ಚೀಟಿಯ ನಕಲು ಹಚ್ಚಿ ವಲಯ ಅರಣ್ಯಾಧಿಕಾರಿಗಳಿಗೆ ಅರ್ಜಿ ಕೊಡಿ. ತಂಗುವ ಜಾಗವನ್ನೂ ಆಗಲೇ ವಿಚಾರಿಸಿ. ಸೂರ್ಯ ಮುಳುಗುವ ಒಂದು ತಾಸು ಮೊದಲೇ ಕಾಡಿನಿಂದ ಹೊರಗಿರಬೇಕು. ಒಳಗೆ ಫೋನ್ ಸಿಗ್ನಲ್ ನೆಚ್ಚಬೇಡಿ; "ತಪ್ಪಿಸಿಕೊಂಡರೆ ಇಂಥ ತಾಂಡಾದ ಶಾಲೆ ಮುಂದೆ ಸೇರೋದು" ಅಂತ ಬೆಳಿಗ್ಗೆಯೇ ಎಲ್ಲರಿಗೂ ಹೇಳಿಡಿ.

ಆರು ವಾರದ ತಯಾರಿ

ಕಲಬುರಗಿಯಲ್ಲಿ ಏರು ಹುಡುಕುವುದೇ ಕಷ್ಟ, ಊರು ತಟ್ಟೆಯ ಹಾಗಿದೆ. ಹಾಗಂತ ಬಿಡಬೇಕಿಲ್ಲ. ವಾರದಲ್ಲಿ ಎರಡು ದಿನ ಸೇಡಂ ರಸ್ತೆಯಲ್ಲಿ ಬುದ್ಧವಿಹಾರದ ಕಡೆ ಒಂದು ತಾಸು, ಗೇರು ಒಂದು ಹಲ್ಲು ಬಿಗಿ ಹಾಕಿ ಕೂತೇ ತುಳಿಯಿರಿ. ಎದುರುಗಾಳಿ ಇದ್ದರೆ ಇನ್ನೂ ಒಳ್ಳೆಯದು, ಕಾಲಿಗೆ ಅದೂ ಏರೇ. ಭಾನುವಾರ ಉದ್ದ ಸವಾರಿ: 30 ಕಿ.ಮೀ.ಯಿಂದ ಶುರುಮಾಡಿ ವಾರಕ್ಕೆ ಎಂಟು ಹತ್ತು ಕಿ.ಮೀ. ಹೆಚ್ಚಿಸುತ್ತ 70ಕ್ಕೆ ಮುಟ್ಟಿಸಿ. ಕೊನೆಯ ವಾರ ಹಗುರ.

ಬೀದರಿನವರಿಗೆ ಈ ತೊಂದರೆಯಿಲ್ಲ. ಊರು ಕೂತಿರುವುದೇ ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಅಂಚಿನಲ್ಲಿ. ಅಷ್ಟೂರಿನ ಗುಮ್ಮಟಗಳ ಕಡೆ ಇಳಿದು, ಮತ್ತೆ ಊರಿಗೆ ಹತ್ತಿ, ಮತ್ತೆ ಇಳಿದರೆ ಅದೇ ತರಬೇತಿ. ಯಾದಗಿರಿಯವರಿಗೆ ಶಹಾಪುರ, ಸುರಪುರದ ಕಲ್ಲುಗುಡ್ಡಗಳ ನಡುವಿನ ರಸ್ತೆಗಳಿವೆ. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟವನ್ನು ಬೆಳಗಿನ ಬೆಳಕಿನಲ್ಲಿ ಸೈಕಲ್ ಮೇಲಿಂದ ನೋಡುವುದೇ ಒಂದು ಭಾಗ್ಯ.

ಸೈಕಲ್ ನೋಡಿಕೊಳ್ಳುವುದು

ದುಬಾರಿ ಸೈಕಲ್ ಬೇಕಿಲ್ಲ, ಸರಿಯಾದ ಗೇರು ಬೇಕು. ಪೆಡಲಿನ ಬಳಿ ಇರುವ ಮುಂದಿನ ಅತಿ ಚಿಕ್ಕ ಹಲ್ಲುಚಕ್ರದ ಹಲ್ಲು ಎಣಿಸಿ, ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲು ಎಣಿಸಿ. ಮುಂದಿನದು ಹಿಂದಿನದಕ್ಕಿಂತ ಕಡಿಮೆ ಇರಲೇಬೇಕು. ಮುಂದೆ 32, ಹಿಂದೆ 42 ಇದ್ದರೆ ಚೆನ್ನ. ಮುಂದೆ ಮೂರು ಹಲ್ಲುಚಕ್ರವಿರುವ ಹಳೆ ಸೈಕಲ್ಲೂ, ಮುಂದೆ 22, ಹಿಂದೆ 28 ಇದ್ದರೆ, ಏರುತ್ತದೆ.

ಚೈನು ಸವೆದಿದೆಯೇ ಅಂತ ಸ್ಕೇಲಿನಿಂದಲೇ ತಿಳಿಯಬಹುದು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟು ಅಳೆದರೆ, ಹೊಸ ಚೈನಿನಲ್ಲಿ ಇಪ್ಪತ್ನಾಲ್ಕನೇ ಕೊಂಡಿಯ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. ಒಂದು ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಚಕ್ರದ ಹಲ್ಲುಗಳೂ ತಿಂದುಹೋಗಿರುತ್ತವೆ, ಬರೀ ಹೊಸ ಚೈನು ಹಾಕಿದರೆ ಏರಿನಲ್ಲಿ ಜಾರುತ್ತದೆ.

ಬ್ರೇಕಿನ ಹಿಡಿ ಪೂರ್ತಿ ಒತ್ತಿದರೂ ಹ್ಯಾಂಡಲ್ಲಿಗೆ ತಾಗಬಾರದು. ಡಿಸ್ಕ್ ಪ್ಯಾಡಿನ ಮಸಾಲೆ ಒಂದು ಮಿ.ಮೀ.ಗಿಂತ ತೆಳುವಾಗಿದ್ದರೆ ಹೊಸದು ಹಾಕಿ. ಸೀಟಿನ ಎತ್ತರ: ಪೆಡಲ್ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಇದಿಷ್ಟನ್ನು ತಪ್ಪಿದವರೇ ಮೊಣಕಾಲು ನೋವು ಅಂತ ಅರ್ಧ ದಾರಿಯಲ್ಲಿ ಕೂರುವುದು.

ಟೈರಿನ ವಿಷಯ ನಮ್ಮ ನಾಡಿಗೇ ವಿಶೇಷ. ಎರಡು ಶತ್ರುಗಳಿವೆ. ಒಂದು ಜಾಲಿ ಮುಳ್ಳು. ರಸ್ತೆ ಬದಿಯ ಬಳ್ಳಾರಿ ಜಾಲಿ ಕಡಿದು ಹಾಕಿದ ಕಡೆಯಲ್ಲೆಲ್ಲ ಚೆಲ್ಲಿರುತ್ತದೆ. ಇನ್ನೊಂದು ತೊಗರಿ ಕೂಳೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ದ ಹೊಲದಲ್ಲಿ ಓರೆಯಾಗಿ ಕತ್ತರಿಸಿದ ಗಟ್ಟಿ ಕಡ್ಡಿಗಳು ಭರ್ಚಿಯಂತೆ ನಿಂತಿರುತ್ತವೆ. ಮುಳ್ಳು ತೂತು ಮಾಡುತ್ತದೆ, ಕೂಳೆ ಟೈರಿನ ಮಗ್ಗುಲನ್ನೇ ಸೀಳುತ್ತದೆ. ಹತ್ತಿರದ ದಾರಿ ಅಂತ ಹೊಲ ಹಾಯಬೇಡಿ. 2.1 ಇಂಚಿನ ಟೈರಿಗೆ 70 ಕಿಲೋ ತೂಕದವರು 35 ಪಿಎಸ್‌ಐ ಸುತ್ತಮುತ್ತ ಗಾಳಿ ಇಡಿ. ತೀರಾ ಕಡಿಮೆ ಮಾಡಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿನ ನಡುವೆ ಸಿಕ್ಕು ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಟ್ಯೂಬ್‌ಲೆಸ್ ಇದ್ದವರು ಒಳಗಿನ ದ್ರವ ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆಂದು ನೆನಪಿಟ್ಟು ಹೊರಡುವ ಮುನ್ನ ತುಂಬಿಸಿಕೊಳ್ಳಿ.

ಇನ್ನೊಂದು ಸಣ್ಣ ವಸ್ತು, ಆದರೆ ಅದಿಲ್ಲದೆ ಎರಡು ತಾಸು ಕಳೆದದ್ದಿದೆ. ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಇದ್ದರೆ ಹಳ್ಳಿಯ ಪಂಚರ್ ಅಂಗಡಿಯ ಗಾಳಿ ಮಷೀನು ಅದಕ್ಕೆ ಕೂರುವುದಿಲ್ಲ, ಅದು ಬೈಕಿನ ಮೂತಿಯದು. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ, ಬೆಲೆ ಏನೂ ಇಲ್ಲ. ಮೂತಿಗೇ ತಿರುಗಿಸಿ ಇಟ್ಟುಕೊಳ್ಳಿ.

ಸೈಕಲ್ಲನ್ನು ಅಂಗಡಿಗೆ ಸರ್ವಿಸಿಗೆ ಕೊಟ್ಟರೆ ಹೊರಡುವ ಹಿಂದಿನ ದಿನ ಬೇಡ, ಒಂದು ವಾರ ಮೊದಲು ಕೊಡಿ. ಆಮೇಲೆ ಒಂದು ಸಲ 40 ಕಿ.ಮೀ. ತುಳಿದು ನೋಡಿ. ನನ್ನ ಸೈಕಲ್ಲಿನ ಹ್ಯಾಂಡಲ್ ಬೋಲ್ಟು ಬಿಗಿಯಾಗದೇ ಬಂದದ್ದು ನನಗೆ ಗೊತ್ತಾದದ್ದು ಇಳಿಜಾರಿನಲ್ಲಿ.

ಚೀಲ ಹಂಚುವುದು

ಒಬ್ಬೊಬ್ಬರ ಹತ್ತಿರ: ತಮ್ಮ ಗಾಲಿಯ ಎರಡು ಟ್ಯೂಬು, ಎರಡು ಬಾಟಲಿ, ತಮ್ಮ ಸೈಕಲ್ಲಿನ ಡಿರೇಲರ್ ಹ್ಯಾಂಗರ್, ಅಂದರೆ ಡಿರೇಲರನ್ನು ಸೈಕಲ್ಲಿಗೆ ಹಿಡಿದಿಡುವ ತುಂಡು. ಈ ಹ್ಯಾಂಗರ್ ಬೇರೆಯವರದ್ದು ನಿಮಗೆ ಹೊಂದುವುದಿಲ್ಲ. ಗಾಲಿಗೆ ಕಡ್ಡಿ ಸಿಕ್ಕಾಗ ಮೊದಲು ಮುರಿಯುವುದು ಅದೇ, ಮುರಿಯಲೆಂದೇ ಮೆತ್ತಗೆ ಮಾಡಿರುತ್ತಾರೆ.

ಗುಂಪಿಗೆ ಒಂದೊಂದು: ದೊಡ್ಡ ಪಂಪು, ಚೈನು ಕತ್ತರಿಸುವ ಸಾಧನ, ಚೈನಿನ ಎರಡು ಜೋಡಣೆ ಕೊಂಡಿ, ಅಲೆನ್ ಕೀ, ಪ್ಯಾಚು ಮತ್ತು ಸೊಲ್ಯೂಷನ್, ಇನ್ಸುಲೇಷನ್ ಟೇಪು, ನಾಲ್ಕು ಕೇಬಲ್ ಟೈ, ದಬ್ಬಣ ಮತ್ತು ನೈಲಾನ್ ದಾರ. ಔಷಧಿ ಚೀಲ. ಇವನ್ನು ತೂಗಿ, ಭಾರವಾದದ್ದನ್ನು ಗಟ್ಟಿಗರ ಬೆನ್ನಿಗೆ ಹಾಕಿ. ನಿಧಾನ ಬರುವವರ ಚೀಲ ಹಗುರ ಮಾಡುವುದು ಉಪಕಾರವೇನಲ್ಲ, ಎಲ್ಲರೂ ಒಟ್ಟಿಗೆ ಮುಟ್ಟುವ ಉಪಾಯ.

ತಿನ್ನುವುದು, ಕುಡಿಯುವುದು

ಮಾರುಕಟ್ಟೆಯ ಎನರ್ಜಿ ಬಾರ್ ಬೇಕಾದವರು ತಂದುಕೊಳ್ಳಲಿ. ನಮ್ಮ ಅಡುಗೆಮನೆಯಲ್ಲೇ ಇದಕ್ಕಿಂತ ಒಳ್ಳೆಯದಿದೆ. ಕಟಕ ಜೋಳದ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ, ಶೇಂಗಾ ಹಿಂಡಿ ಅದರ ಜೊತೆ. ಶೇಂಗಾ ಹೋಳಿಗೆ ಸೈಕಲ್ಲಿನವರಿಗೇ ಮಾಡಿದಂತಿದೆ: ಬೆಲ್ಲ ತಕ್ಷಣದ ಶಕ್ತಿ, ಶೇಂಗಾ ತಡವಾಗಿ ಉರಿಯುವ ಇಂಧನ, ಜೇಬಿನಲ್ಲಿ ಮಡಚಿಟ್ಟರೂ ಚೂರಾಗುವುದಿಲ್ಲ. ಕಮಲಾಪುರದ ಕೆಂಪು ಬಾಳೆ ಸಿಕ್ಕರೆ ಮೊದಲ ದಿನಕ್ಕೆ ಕಟ್ಟಿಕೊಳ್ಳಿ. ಹೊರಡುವ ಬೆಳಿಗ್ಗೆ ಮಂಡಕ್ಕಿಯ ಸುಸಲಾ ಹಗುರ, ಹೊಟ್ಟೆಗೆ ಹಿತ. ಮಿರ್ಚಿ ಭಜಿ ಮಾತ್ರ ಊರು ಮುಟ್ಟಿದ ಮೇಲೆ. ಏರಿನ ಮುಂದೆ ಎಣ್ಣೆಯದು ತಿಂದವರು ಏರಿನ ನಡುವೆ ಅನುಭವಿಸುತ್ತಾರೆ.

ಹಸಿವಾಗುವ ಮೊದಲು ತಿನ್ನಿ. ತಾಸಿಗೊಮ್ಮೆ ಒಂದು ಬಾಳೆಹಣ್ಣು ಅಥವಾ ಅರ್ಧ ಹೋಳಿಗೆ. ನೀರು ಚಳಿಗಾಲದಲ್ಲೂ ತಾಸಿಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್, ಬಿಸಿಲೇರಿದಾಗ ಒಂದು ಲೀಟರ್ ಬೇಕು. ಬರೀ ನೀರೇ ಕುಡಿಯಬೇಡಿ. ಒಂದು ಬಾಟಲಿಯಲ್ಲಿ ನಿಂಬೆ, ಉಪ್ಪು, ಸಕ್ಕರೆ, ಇಲ್ಲವೇ ಓಆರ್‌ಎಸ್. ಕಾಡಿನ ದಿನ ಒಬ್ಬೊಬ್ಬರ ಹತ್ತಿರ ಎರಡೂವರೆ ಲೀಟರ್ ಇರಲಿ, ನಿಂತಾಗಲೆಲ್ಲ ಹಿಂಗಾವಲಿನವರು ಕೊನೆಯವರ ಬಾಟಲಿಯನ್ನು ಕೈಯಲ್ಲಿ ಎತ್ತಿ ನೋಡಲಿ. "ನೀರು ಐತಿ" ಅನ್ನುವ ಮಾತನ್ನು ನಂಬಬೇಡಿ. ಸಂಕೋಚಕ್ಕೆ ಎಲ್ಲರೂ ಹಾಗೇ ಅನ್ನುತ್ತಾರೆ.

ತೊಗರಿ ಹೊಲದ ಪಕ್ಕ ನಿಂತರೆ ಕೆಲವು ಸಲ ಊಟವೇ ತಾನಾಗಿ ಬರುತ್ತದೆ. ಕಾಯಿ ಎಳೆಯದಾಗಿರುವಾಗ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ, ಜನವರಿಯಲ್ಲಿ ಬಿಸಿ ಬೂದಿಯಲ್ಲಿ ಸುಟ್ಟ ಜೋಳದ ಸೀತನಿ. ಕೊಟ್ಟರೆ ಬೇಡ ಅನ್ನಬೇಡಿ, ಕೂತು ತಿನ್ನಿ.

ಬಯಲಿನ ದಾರಿ: ಕೂಡಿ ತುಳಿಯುವುದು

ಮೊದಲ ದಿನದ ಕಷ್ಟವೆಲ್ಲ ಗಾಳಿಯದು. ನೀವು ಗಂಟೆಗೆ 18 ಕಿ.ಮೀ. ತುಳಿಯುತ್ತಿದ್ದು ಎದುರಿಗೆ 12 ಕಿ.ಮೀ. ಗಾಳಿ ಬೀಸಿದರೆ ಮೈಗೆ ಬಡಿಯುವುದು 30ರ ಗಾಳಿ. ಗಾಳಿಯ ವೇಗ ಇಮ್ಮಡಿಯಾದರೆ ಅದರ ತಡೆ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಒಬ್ಬರ ಹಿಂದೆ ಒಬ್ಬರು ಸಾಲಾಗಿ, ಒಂದು ಸೈಕಲ್ಲಿನಷ್ಟು ಅಂತರ ಬಿಟ್ಟು ಹೋಗಬೇಕು. ಮುಂದಿನವರು ಗಾಳಿಯನ್ನು ಎದೆಗೊಡ್ಡಿ ಒಡೆಯುತ್ತಾರೆ, ಹಿಂದಿನವರು ಅವರ ಮರೆಯಲ್ಲಿ ಬರುತ್ತಾರೆ. ಮೂರು ನಿಮಿಷಕ್ಕೊಮ್ಮೆ ಮುಂದಿನವರು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಬರಲಿ. ದಣಿದವರು ಮುಂದೆ ಬರುವ ಪಾಳಿಯನ್ನು ಬಿಡಬಹುದು, ಅದಕ್ಕೆ ಯಾರೂ ಏನೂ ಅನ್ನಬಾರದು. ಈ ಪಾಳಿಯಲ್ಲೇ ಗುಂಪು ನಿಜವಾಗಿ ಗುಂಪಾಗುವುದು. ನನ್ನ ಮುಂದಿನ ಬೆನ್ನು ನನಗಾಗಿ ಗಾಳಿ ತಡೆಯುತ್ತಿದೆ ಅನ್ನುವುದು ಮೈಗೇ ಗೊತ್ತಾಗುತ್ತದೆ.

ಗುಂಡಿ, ಕಲ್ಲು, ಜಾಲಿ ಟೊಂಗೆ ಕಂಡರೆ ಮುಂದಿನವರು ಕೈ ತೋರಿಸಿ ಕೂಗಬೇಕು: "ಗುಂಡಿ ಎಡಕ್ಕ!" ಹಿಂದಿನವರು "ಗಾಡಿ ಬಂತ್ರಿ!" ಅಂತ ಕೂಗಬೇಕು. ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೇಲರ್ ಕಟ್ಟಿಕೊಂಡು ಬಂದರೆ ರಸ್ತೆ ಬಿಟ್ಟು ಇಳಿದು ನಿಲ್ಲಿ, ಹಿಂದಿನ ಟ್ರೇಲರ್ ಎತ್ತ ತೂಗುತ್ತದೋ ಓಡಿಸುವವರಿಗೂ ಕಾಣುವುದಿಲ್ಲ. ಸಿಮೆಂಟ್ ಲಾರಿಗಳಿಗೂ ಅಷ್ಟೇ ಮರ್ಯಾದೆ ಕೊಡಿ. ಕುರಿ ಹಿಂಡಿನ ನಾಯಿ ಬೆನ್ನಟ್ಟಿದರೆ ಸೈಕಲ್ ಜೋರಾಗಿ ಓಡಿಸಬೇಡಿ. ಇಳಿದು, ಸೈಕಲ್ಲನ್ನು ನಡುವೆ ಹಿಡಿದು ಮೆಲ್ಲಗೆ ನಡೆಯಿರಿ, ಕುರುಬರನ್ನು "ಕಾಕಾ, ನಾಯಿ ಕರೀರಿ" ಅಂತ ಕೂಗಿ.

ಹೆಣ್ಣುಮಕ್ಕಳು ಜೊತೆಗಿದ್ದರೆ ನಿಲುಗಡೆಯನ್ನು ಶೌಚಾಲಯ ಇರುವ ಊರುಗಳಲ್ಲೇ ಗೊತ್ತುಮಾಡಿ. ಅವರು ಬಾಯಿಬಿಟ್ಟು ಕೇಳುವ ತನಕ ಕಾಯಬೇಡಿ.

ಏರು: ಬಿಡಿಬಿಡಿಯಾಗಿ ಹತ್ತುವುದು, ತಲೆಯಲ್ಲಿ ಸೇರುವುದು

ಏರಿನಲ್ಲಿ ಗಂಟೆಗೆ ಆರೇಳು ಕಿ.ಮೀ. ಹೋಗುವಾಗ ಇನ್ನೊಬ್ಬರ ಮರೆ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಒಟ್ಟಿಗೆ ಹತ್ತುವ ಹಟ ಎಲ್ಲರಿಗೂ ಕೇಡು. ಗಟ್ಟಿಗರು ಬೇಕೆಂತಲೇ ನಿಧಾನ ಮಾಡಿ ತೂಗಾಡುತ್ತಾರೆ, ನಿಧಾನದವರು ಅವರ ಜೊತೆ ಹೋಗಲು ಎಳೆದಾಡಿ ಅರ್ಧಕ್ಕೇ ದಮ್ಮು ಕಳೆದುಕೊಳ್ಳುತ್ತಾರೆ. ಅವರವರ ಲಯದಲ್ಲಿ ಹತ್ತಿ.

ಗೇರನ್ನು ಏರು ಶುರುವಾಗುವ ಮೊದಲೇ ಇಳಿಸಿ. ಭಾರ ಬಿದ್ದ ಮೇಲೆ ಬದಲಿಸಿದರೆ ಚೈನು ತುಂಡಾಗಬಹುದು. ಸೀಟಿನ ಮೇಲೇ ಕೂತು ಮುಂದಕ್ಕೆ ಬಾಗಿ. ಎದ್ದು ನಿಂತರೆ ಮುರುಮಿನ ಮೇಲೆ ಹಿಂದಿನ ಗಾಲಿ ತಿರುಗಿ ಜಾರುತ್ತದೆ. ಭುಜ ಸಡಿಲ, ಉಸಿರು ಎಣಿಕೆಯಲ್ಲಿರಲಿ. ಮಾತಾಡಲು ಆಗದಷ್ಟು ಏದುಸಿರು ಬಂದರೆ ನೀವು ನಿಮ್ಮ ಲಯ ಮೀರಿದ್ದೀರಿ. ಕಣ್ಣು ಗುಡ್ಡದ ತಲೆಯ ಮೇಲೆ ಬೇಡ, ಮುಂದಿನ ಹತ್ತು ಮೀಟರಿನ ಮೇಲಿರಲಿ. ಆಗದಿದ್ದರೆ ಇಳಿದು ನೂಕಿ. ನಮ್ಮ ಗುಂಪಿನಲ್ಲಿ ಒಬ್ಬರು ಇಳಿದು ನೂಕಿದರೆ ಹಿಂಗಾವಲಿನವರೂ ಇಳಿದು ನೂಕುತ್ತಾರೆ.

ಇನ್ನು ಗಡಿಯಾರದ ನಿಯಮ, ಇದನ್ನು ದಯವಿಟ್ಟು ಸಡಿಲ ಮಾಡಬೇಡಿ: ಪ್ರತಿ ಏರಿನ ತಲೆಯಲ್ಲೂ, ಪ್ರತಿ ಕ್ರಾಸಿನಲ್ಲೂ ಎಲ್ಲರೂ ನಿಲ್ಲಬೇಕು. ವಿಶ್ರಾಂತಿಯ ಹತ್ತು ನಿಮಿಷ ಶುರುವಾಗುವುದು ಕೊನೆಯವರು ಕಾಲು ನೆಲಕ್ಕಿಟ್ಟ ಕ್ಷಣದಿಂದ. ಹೊರಡುವ ಮಾತನ್ನು ಕೊನೆಗೆ ಬಂದವರೇ ಹೇಳಬೇಕು. ಈ ಒಂದು ನಿಯಮ ಇಟ್ಟ ಮೇಲೆ ನಮ್ಮ ಮಾಸ್ತರು ಒಂದು ಸವಾರಿಯಲ್ಲೂ ಕೂತಿಲ್ಲ. ಕಾಲು ಅವೇ, ವಯಸ್ಸು ಇನ್ನೂ ಹೆಚ್ಚಾಗಿದೆ.

ಇಳಿಜಾರು

ಏರಿಗಿಂತ ಇಲ್ಲಿ ಬೀಳುವವರು ಹೆಚ್ಚು. ಕೆಂಪು ಮುರುಮು ಉರುಟು ಕಾಳುಗಳ ಹಾಗೆ, ಗಾಲಿಯ ಕೆಳಗೆ ಉರುಳುತ್ತದೆ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ತಿರುವಿನೊಳಗೆ ಮುಂದಿನ ಬ್ರೇಕು ಮುಟ್ಟಬೇಡಿ. ಸೀಟಿನಿಂದ ಸ್ವಲ್ಪ ಎದ್ದು ಹಿಂದಕ್ಕೆ ಸರಿಯಿರಿ, ಎರಡೂ ಪೆಡಲು ಸಮಮಟ್ಟದಲ್ಲಿರಲಿ. ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಇಳಿದರೆ ಪ್ಯಾಡು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಒತ್ತಿ, ಬಿಡಿ, ಮತ್ತೆ ಒತ್ತಿ. ಇಬ್ಬರ ನಡುವೆ ಮೂವತ್ತು ಮೀಟರ್ ಅಂತರ.

ಕೆಟ್ಟು ನಿಂತಾಗ

ಪಂಚರ್ ಆದರೆ ಒಬ್ಬರೇ ಬಿಚ್ಚುವುದು, ಏಳು ಮಂದಿ ಸುತ್ತ ನಿಂತು ಸಲಹೆ ಕೊಡುವುದು ಬೇಡ. ರಿಪೇರಿಯವರು ಮತ್ತು ಸೈಕಲ್ಲಿನವರು ಕೂರಲಿ, ಉಳಿದವರು ನೆರಳಿಗೆ ಹೋಗಿ ತಿನ್ನಲಿ. ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಮೈಯಲ್ಲಿ ಬೆರಳಾಡಿಸಿ ಮುಳ್ಳು ತೆಗೆಯಿರಿ. ಇದನ್ನು ಮರೆತು ಅದೇ ಜಾಗದಲ್ಲಿ ಎರಡನೇ ಟ್ಯೂಬು ಹೋದದ್ದನ್ನು ಕಂಡಿದ್ದೇನೆ.

ಸೀಳಿದ ಟೈರಿನ ಕತೆ ಬೇರೆ. ಎರಡನೇ ಸವಾರಿಯಲ್ಲಿ ಒಬ್ಬ ಹುಡುಗ ಮಾತು ಕೇಳದೆ ತೊಗರಿ ಹೊಲದ ಬದುವಿಗೆ ಇಳಿದ. ಕೂಳೆ ಹಿಂದಿನ ಟೈರಿನ ಮಗ್ಗುಲನ್ನು ಹೆಬ್ಬೆರಳಿನಷ್ಟು ಸೀಳಿತು, ಟ್ಯೂಬು ಗುಳ್ಳೆಯಾಗಿ ಹೊರಗೆ ಬಂತು. ಚಿಪ್ಸ್ ಪಾಕೀಟು ಮಡಚಿ ಒಳಗಿಟ್ಟೆವು, ಗಾಳಿ ತುಂಬಿದ ಕೂಡಲೇ ಮತ್ತೆ ಉಬ್ಬಿತು. ಪಕ್ಕದ ಹೊಲದಲ್ಲಿ ರಾಶಿ ಮಾಡುತ್ತಿದ್ದ ಅಜ್ಜ ಒಬ್ಬರು ತೊಗರಿ ಚೀಲದ ಬಾಯಿ ಹೊಲಿಯುವುದನ್ನು ಬಿಟ್ಟು ಬಂದರು. "ಏನಾತೋ ತಮ್ಮಾ?" ಅಂತ ಟೈರು ಕೈಗೆ ತಗೊಂಡು, ಬೆಳಕಿಗೆ ಹಿಡಿದು ನೋಡಿದರು. ದಬ್ಬಣಕ್ಕೆ ಸುತಳಿ ಇತ್ತು, ಅದನ್ನು ತೆಗೆದು ನೈಲಾನ್ ದಾರ ಪೋಣಿಸಿದರು. ಸೀಳಿನ ಅಂಚಿನಿಂದ ಅರ್ಧ ಬೆರಳು ದೂರ ಬಿಟ್ಟು ಚುಚ್ಚಿ, ಅಡ್ಡಡ್ಡ ಆರು ಹೊಲಿಗೆ ಹಾಕಿ, ಪ್ರತಿ ಹೊಲಿಗೆಯನ್ನೂ ಹಲ್ಲಿನಿಂದ ಜಗ್ಗಿ ಬಿಗಿದರು. ತುದಿಗೆ ತೀರಾ ಹತ್ತಿರ ಚುಚ್ಚಿದರೆ ರಬ್ಬರು ಹರಿಯುತ್ತದೆ ಅಂದರು. ನಾವು ಒಳಗಡೆ ಹಳೆ ಟ್ಯೂಬಿನ ತುಂಡು ಹಾಸಿ, ಗಾಳಿ 25ಕ್ಕೆ ನಿಲ್ಲಿಸಿದೆವು. ದುಡ್ಡು ಕೊಡಹೋದರೆ, "ಚೀಲಾ ಹೊಲ್ಯಾಂವ್ಗ ಟೈರ್ ಏನ್ ದೊಡ್ದು, ನಡೀರಿ" ಅಂತ ರಾಶಿಗೆ ಹೋದರು. ನಾವೆಂಟು ಮಂದಿ ಅರ್ಧ ತಾಸು ಅವರ ಚೀಲಗಳನ್ನು ಹೊತ್ತು ಟ್ರ್ಯಾಕ್ಟರಿಗೆ ಹಾಕಿಕೊಟ್ಟೆವು. ದಬ್ಬಣ ನಮ್ಮ ಸಾಮಾನಿನ ಪಟ್ಟಿಗೆ ಸೇರಿದ್ದು ಆವತ್ತು.

ಮೈ ಹೇಳುವ ಮಾತು

ಕೈ ನಡುಗುವುದು, ಸುಮ್ಮಸುಮ್ಮನೆ ಸಿಟ್ಟು ಬರುವುದು ಹೊಟ್ಟೆ ಖಾಲಿಯಾದ ಗುರುತು. ಬೆಲ್ಲ ಕೊಟ್ಟು ಕೂರಿಸಿ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು. ತಲೆಸುತ್ತು, ವಾಂತಿ ಬಂದರೆ ಆ ದಿನದ ಸವಾರಿ ಅವರಿಗೆ ಮುಗಿಯಿತು. ಮಾತು ಅಡ್ಡಾದಿಡ್ಡಿಯಾದರೆ, ಮೈ ಸುಡುತ್ತಿದ್ದರೆ, ಬೆವರು ಬರುತ್ತಿದ್ದರೂ ಅದು ಬಿಸಿಲಿನ ಹೊಡೆತ: ನೆರಳಿಗೆ ಮಲಗಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟು ಬಿದ್ದವರನ್ನು, ಅವರು ಎಷ್ಟೇ ಚೆನ್ನಾಗಿದ್ದೇನೆ ಅಂದರೂ, ಮತ್ತೆ ಸೈಕಲ್ ಹತ್ತಿಸಬೇಡಿ.

ಸಂಜೆ ಕೂತಾಗ

ಜಗಳ ಆಗುತ್ತದೆ. ಎರಡನೇ ದಿನದ ಸಂಜೆಯೇ ಆಗುತ್ತದೆ, ಅದು ದಣಿವಿನ ದಿನ. ಯಾರು ದಾರಿ ತಪ್ಪಿಸಿದರು, ಯಾರು ಕಾಯಲಿಲ್ಲ, ಯಾರು ನೀರು ಮುಗಿಸಿದರು. ನಾವು ಒಂದು ಕ್ರಮ ಮಾಡಿಕೊಂಡಿದ್ದೇವೆ: ಮೊದಲು ಸ್ನಾನ, ಆಮೇಲೆ ಊಟ, ಆಮೇಲೆ ಮಾತು. ಬಿಸಿ ಅನ್ನಸಾರು ಹೊಟ್ಟೆಗೆ ಬಿದ್ದ ಮೇಲೆ ಅರ್ಧ ತಕರಾರು ಉಳಿದಿರುವುದೇ ಇಲ್ಲ. ಉಳಿದದ್ದನ್ನು ಒಬ್ಬೊಬ್ಬರಾಗಿ ಹೇಳಬೇಕು, ನಡುವೆ ಬಾಯಿ ಹಾಕಬಾರದು, ಕೊನೆಯ ಸೈಕಲ್ಲಿನವರು ಮೊದಲು ಮಾತಾಡಬೇಕು. ಆ ಮೊದಲ ಸವಾರಿಯ ರಾತ್ರಿ ಮಾಸ್ತರು ಬಾಯಿಬಿಟ್ಟದ್ದಕ್ಕೇ ಗಡಿಯಾರದ ನಿಯಮ ಹುಟ್ಟಿತು.

ಮಲಗುವ ಮೊದಲು ಎಲ್ಲರೂ ಕೂಡಿ ಸೈಕಲ್ ಒರೆಸಿ, ಚೈನಿಗೆ ಎಣ್ಣೆ ಹಾಕಿ. ಒಬ್ಬರು ಗಾಲಿ ತಿರುಗಿಸುವುದು, ಇನ್ನೊಬ್ಬರು ಬಟ್ಟೆ ಹಿಡಿಯುವುದು. ಜಗಳಾಡಿದ ಇಬ್ಬರನ್ನು ಒಂದೇ ಸೈಕಲ್ಲಿಗೆ ಹಾಕಿ.

ಊರಿಗೆ ಬಂದ ಮೇಲೆ

ಮೂರನೇ ದಿನ ಬೆನ್ನಿಗೆ ಗಾಳಿ ಇದೆಯೆಂದು ಓಡಬೇಡಿ, ಸಾಲು ಬಿಡಬೇಡಿ. ಊರು ಹತ್ತಿರ ಬಂದಂತೆ ಎಚ್ಚರ ತಪ್ಪುತ್ತದೆ, ವಾಹನಗಳೂ ಹೆಚ್ಚುತ್ತವೆ. ಊರೊಳಗೆ ಬರುವ ಮೊದಲ ಸರ್ಕಲ್ಲಿನಲ್ಲಿ ಎಲ್ಲರೂ ಸೇರಿ, ಒಟ್ಟಿಗೆ ಚಾ ಕುಡಿದು, ಹಣದ ಲೆಕ್ಕ ಮುಗಿಸಿ ಮನೆಗೆ ಹೋಗಿ. ಮನೆ ಮುಟ್ಟಿದ್ದನ್ನು ಪ್ರತಿಯೊಬ್ಬರೂ ಹಿಂಗಾವಲಿನವರಿಗೆ ತಿಳಿಸಬೇಕು. ಕೊನೆಯ ಸಂದೇಶ ಬರುವ ತನಕ ಅವರ ಕೆಲಸ ಮುಗಿದಿಲ್ಲ.

ಮರುದಿನ ಒಂದು ವಹಿಯಲ್ಲಿ ಬರೆದಿಡಿ: ಯಾವ ಏರಿನಲ್ಲಿ ಯಾರ ನೀರು ಮುಗಿಯಿತು, ಯಾವ ಹಳ್ಳಿಯಲ್ಲಿ ಬೋರು ಕೆಟ್ಟಿತ್ತು, ಎಷ್ಟು ಟ್ಯೂಬು ಹೋದವು, ಯಾರ ಮನೆಯಲ್ಲಿ ಕುಡಿಯಲು ಮಜ್ಜಿಗೆ ಕೊಟ್ಟರು. ಸೈಕಲ್ ತೊಳೆಯುವಾಗ ಬೇರಿಂಗಿನ ಜಾಗಕ್ಕೆ ನೀರಿನ ಪೈಪು ನೇರ ಹಿಡಿಯಬೇಡಿ, ಮುರುಮಿನ ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ಬ್ರೇಕ್ ಪ್ಯಾಡು ಇನ್ನೊಮ್ಮೆ ನೋಡಿ. ಹೊಲಿದ ಟೈರು ಇದ್ದರೆ ಬಿಚ್ಚಿ ತೆಗೆದುಬಿಡಿ. ದಬ್ಬಣದ ಹೊಲಿಗೆ ಊರು ಮುಟ್ಟಿಸಲು ಸಾಕು, ಮುಂದಿನ ಗುಡ್ಡಕ್ಕೆ ಸಾಲದು.